ಮೆಡೆಯಿನ್‌ನಲ್ಲಿ ದಿನ ಹೇಗೆ ಕಳೆಯುತ್ತೆ? ಕೊಲಂಬಿಯಾ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲಂಬಿಯಾದಲ್ಲಿದ್ದೇನೆ ಅಂದ ಕೂಡಲೇ ಊರಿನ ನೆಂಟರು, ಹಳೇ ಸಹೋದ್ಯೋಗಿಗಳು, ಇಲ್ಲಿಗೆ ಕೆಲಸಕ್ಕೆ ಬರಲು ಯೋಚಿಸುತ್ತಿರುವವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾಲ್ಕು ದಿನ ಸುತ್ತಿ ಹೋಗುವವರಿಗಿಂತ, ಇಲ್ಲಿ ಮನೆ ಮಾಡಿ, ಬಾಡಿಗೆ ಕಟ್ಟಿ, ಮೆಟ್ರೋ ಹತ್ತಿ ಕೆಲಸಕ್ಕೆ ಹೋಗಬೇಕಾದವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಯಾವ ಊರು? ಹವೆ ಹೇಗಿದೆ?

ಮೆಡೆಯಿನ್. ರಾಜಧಾನಿ ಬೊಗೊಟಾ ಬಿಟ್ಟರೆ ದೇಶದ ಎರಡನೇ ದೊಡ್ಡ ನಗರ. ಆಂಡಿಸ್ ಬೆಟ್ಟಗಳ ನಡುವೆ ಅಬುರ್ರಾ ಅನ್ನುವ ಉದ್ದನೆಯ ಕಣಿವೆ. ಕಣಿವೆಯ ತಳದಲ್ಲಿ ನದಿ, ನದಿಯ ಎರಡೂ ಕಡೆ ಊರು. ಜಾಗ ಸಾಲದೆ ಮನೆಗಳು ಬೆಟ್ಟದ ಮೇಲಕ್ಕೆ ಹತ್ತಿವೆ. ಎತ್ತರ ಸುಮಾರು 1,500 ಮೀಟರ್, ಅಂದರೆ ಮಡಿಕೇರಿಗಿಂತಲೂ ಜಾಸ್ತಿ. ವರ್ಷವಿಡೀ ಉಷ್ಣಾಂಶ 17ರಿಂದ 28 ಡಿಗ್ರಿ. ನಮ್ಮ ಮನೆಯಲ್ಲಿ ಎಸಿಯೂ ಇಲ್ಲ, ಹೀಟರೂ ಇಲ್ಲ. ಸಂಜೆ ಕಿಟಕಿ ತೆಗೆದರೆ ಸಾಕು.

ಸಮಭಾಜಕ ವೃತ್ತ ಹತ್ತಿರ ಇರುವುದರಿಂದ ಜನವರಿಯಾದರೂ ಜುಲೈ ಆದರೂ ಬೆಳಗ್ಗೆ ಆರರ ಸುಮಾರಿಗೆ ಬೆಳಕು, ಸಂಜೆ ಆರರ ಸುಮಾರಿಗೆ ಕತ್ತಲು. ಮಳೆ ಮಾತ್ರ ವರ್ಷಕ್ಕೆ ಎರಡು ಸಲ ಜೋರು: ಏಪ್ರಿಲ್-ಮೇ ಒಂದು, ಸೆಪ್ಟೆಂಬರ್‌ನಿಂದ ನವೆಂಬರ್ ಇನ್ನೊಂದು. ಮಧ್ಯಾಹ್ನದ ಮೇಲೆ ಹೊಡೆಯುತ್ತದೆ, ಬೇಗ ಬಿಡುತ್ತದೆ. ಆ ತಿಂಗಳುಗಳಲ್ಲಿ ಬೆಟ್ಟದ ಮೇಲಿನ ಬಡಾವಣೆಗಳಿಗೆ ಮಣ್ಣು ಕುಸಿಯುವ ಭಯ. ಫೆಬ್ರವರಿ-ಮಾರ್ಚ್‌ನಲ್ಲಿ ಕಣಿವೆಯ ಮೇಲೆ ಮೋಡ ಮುಚ್ಚಿಕೊಂಡು, ವಾಹನಗಳ ಹೊಗೆ ಹೊರಗೆ ಹೋಗದೆ ಗಾಳಿ ಕೆಡುತ್ತದೆ. ಆಸ್ತಮಾ ಇರುವವರು ಇದನ್ನು ತಿಳಿದುಕೊಂಡೇ ಬನ್ನಿ.

ಬೆಳಗ್ಗೆ ಎಷ್ಟು ಗಂಟೆಗೆ ಶುರು?

ಬಹಳ ಬೇಗ. ಮೆಟ್ರೋ ವಾರದ ದಿನ 4:30ಕ್ಕೇ ಓಡಲು ಶುರು. ಆರು ಗಂಟೆಗೆಲ್ಲ ಯೂನಿಫಾರ್ಮ್ ಹಾಕಿದ ಮಕ್ಕಳು ಬೀದಿಯಲ್ಲಿರುತ್ತಾರೆ. ನಾನು ಏಳುವುದು ಐದೂವರೆಗೆ, ಆಗಲೇ ಎದುರು ಮನೆಯ ಅಡುಗೆಮನೆಯಲ್ಲಿ ದೀಪ ಉರಿಯುತ್ತಿರುತ್ತದೆ.

ಬೆಳಗಿನ ತಿಂಡಿ ಅಂದರೆ ಅರೆಪಾ. ಬೇಯಿಸಿದ ಬಿಳಿ ಮುಸುಕಿನ ಜೋಳವನ್ನು ಅರೆದು ತಟ್ಟಿದ ತೆಳ್ಳನೆಯ ರೊಟ್ಟಿ. ಈ ಸೀಮೆಯವರು ಅದಕ್ಕೆ ಉಪ್ಪನ್ನೂ ಹಾಕುವುದಿಲ್ಲ. ಒಲೆಯ ಮೇಲೆ ಜಾಲರಿ ಇಟ್ಟು, ಮೇಲೆ ಕಪ್ಪು ಚುಕ್ಕೆ ಬೀಳುವವರೆಗೆ ಸುಡಬೇಕು. ಬಿಸಿ ಇರುವಾಗಲೇ ಬೆಣ್ಣೆ ಸವರಿ, ಕೆಸಿತೊ ಅನ್ನುವ ಮೆತ್ತನೆಯ ತಾಜಾ ಚೀಸ್‌ನ ಒಂದು ಹೋಳು ಮೇಲಿಟ್ಟರೆ ಅಂಚಿನಲ್ಲಿ ಬೆಣ್ಣೆ ಜಿನುಗುತ್ತದೆ. ಸುಮ್ನೆ ಅರೆಪಾ ಒಂದನ್ನೇ ತಿಂದು ಸಪ್ಪೆ ಅನ್ನಬೇಡಿ. ನಮ್ಮಲ್ಲಿ ಮುದ್ದೆಗೆ ಸಾರು ಹೇಗೋ, ಅರೆಪಾಕ್ಕೆ ಜೊತೆಗಿರುವುದು ಹಾಗೆ. ಜೊತೆಗೆ ಮೊಟ್ಟೆ, ಬಿಸಿ ಚಾಕಲೇಟು ಅಥವಾ ಆಗ್ವಾಪನೇಲಾ. ಪನೇಲಾ ನಮ್ಮ ಅಚ್ಚುಬೆಲ್ಲವೇ. ಅದನ್ನು ನೀರಿನಲ್ಲಿ ಕರಗಿಸಿ ಕುದಿಸಿದರೆ ಆಗ್ವಾಪನೇಲಾ. ಚಾಕಲೇಟಿನ ಲೋಟದೊಳಗೆ ಚೀಸ್ ತುಂಡು ಮುಳುಗಿಸಿ ತಿನ್ನುವುದೂ ಇಲ್ಲಿ ಮಾಮೂಲು. ಒಂದು ಸಲ ತಿಂದು ನೋಡಿ.

ಊರಿಗೆ ಫೋನ್ ಮಾಡುವುದು ಯಾವಾಗ?

ಭಾರತ ಇಲ್ಲಿಗಿಂತ ಹತ್ತೂವರೆ ಗಂಟೆ ಮುಂದಿದೆ. ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲಿಲ್ಲ, ಹಾಗಾಗಿ ಲೆಕ್ಕ ವರ್ಷವಿಡೀ ಒಂದೇ. ಇಲ್ಲಿ ಬೆಳಗ್ಗೆ ಆರು ಅಂದರೆ ಅಲ್ಲಿ ಸಂಜೆ ನಾಲ್ಕೂವರೆ, ಅಮ್ಮ ಕಾಫಿಗೆ ಇಡುವ ಹೊತ್ತು. ರಾತ್ರಿ ಎಂಟೂವರೆಗೆ ಮಾಡಿದರೆ ಅಲ್ಲಿ ಮರುದಿನ ಬೆಳಗ್ಗೆ ಏಳು. ಈ ಎರಡು ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಯಾರದಾದರೂ ನಿದ್ದೆ ಕೆಡಿಸುವ ಸಮಯ.

ಕೊಲಂಬಿಯಾ ಅಂದರೆ ಕಾಫಿ, ಅಲ್ವಾ? ನಮ್ಮ ಚಿಕ್ಕಮಗಳೂರಿನದಕ್ಕಿಂತ ಚೆನ್ನಾಗಿದೆಯಾ?

ಬೇರೆ ಥರ ಇದೆ. ಇಲ್ಲಿ ಬೆಳೆಯುವುದು ಅರೇಬಿಕಾ, ಅದೂ ಬೆಟ್ಟದ ಇಳಿಜಾರಿನ ಸಣ್ಣ ಹಿಡುವಳಿಗಳಲ್ಲಿ. ನಮ್ಮಲ್ಲಿನ ಹಾಗೆ ಚಿಕೋರಿ ಹಾಕುವುದು ಇಲ್ಲ. ಬೆಳೆಗಾರರ ಒಕ್ಕೂಟ 1927ರಿಂದ ಇದೆ. ಇಲ್ಲಿಂದ ದಕ್ಷಿಣಕ್ಕಿರುವ ಕಾಫಿ ಸೀಮೆಯನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಬೀದಿಯಲ್ಲಿ ಜನ ಕುಡಿಯುವುದು ತಿಂತೊ: ಸಣ್ಣ ಲೋಟದಲ್ಲಿ ತೆಳು ಕಪ್ಪು ಕಾಫಿ, ಎಷ್ಟೋ ಸಲ ಸಿಹಿ ಮೊದಲೇ ಹಾಕಿರುತ್ತಾರೆ. ಒಳ್ಳೆಯ ಬೀಜ ಬಹಳ ಕಾಲ ರಫ್ತಿಗೇ ಹೋಗುತ್ತಿತ್ತು, ಬೆಳೆದವರ ಪಾಲಿಗೆ ಕೆಳದರ್ಜೆಯದು ಉಳಿಯುತ್ತಿತ್ತು. ಈಗ ಲೌರೆಲೆಸ್, ಎಲ್ ಪೊಬ್ಲಾದೊ ಬಡಾವಣೆಗಳ ಚಿಕ್ಕ ಚಿಕ್ಕ ಅಂಗಡಿಗಳಲ್ಲಿ ಯಾವ ತೋಟದ್ದು ಅಂತ ಹೇಳಿ ಒಳ್ಳೆಯ ಕಾಫಿ ಕೊಡುತ್ತಾರೆ. ನಾನು ಅದೇ ಪುಡಿಯನ್ನು ಊರಿಂದ ತಂದ ಸ್ಟೀಲ್ ಫಿಲ್ಟರಿಗೆ ಹಾಕಿ, ಗಟ್ಟಿ ಡಿಕಾಕ್ಷನ್ ತೆಗೆದು ಹಾಲು ಬೆರೆಸುತ್ತೇನೆ. ಚಿಕೋರಿಯ ಆ ಮಂದ ಬರುವುದಿಲ್ಲ, ಪರಿಮಳ ಮಾತ್ರ ಮನೆಯೆಲ್ಲ ತುಂಬುತ್ತದೆ.

ಕೆಲಸಕ್ಕೆ ಹೇಗೆ ಹೋಗುತ್ತೀರಿ? ಕಾರು ಬೇಕಾ?

ಬೇಡ. ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಟ್ರೋ, ಆದ್ದರಿಂದ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಇದು 1995ರ ನವೆಂಬರ್ 30ರಂದು ಶುರುವಾಯಿತು. ದೇಶದಲ್ಲಿ ಮೊದಲ ಮೆಟ್ರೋ ಇದೇ. ಮುಖ್ಯ ಮಾರ್ಗ ನದಿಯ ಪಕ್ಕದಲ್ಲೇ ಉತ್ತರದ ನಿಕಿಯಾದಿಂದ ದಕ್ಷಿಣದ ಲಾ ಎಸ್ತ್ರೇಯಾವರೆಗೆ ಓಡುತ್ತದೆ. ಸಾನ್ ಅಂತೋನಿಯೊದಲ್ಲಿ ಇಳಿದರೆ ಪಶ್ಚಿಮಕ್ಕೆ ಇನ್ನೊಂದು ಮಾರ್ಗ. ಮೆಟ್ರೋ, ಟ್ರಾಮ್, ಕೇಬಲ್ ಕಾರು ಎಲ್ಲಕ್ಕೂ ಸಿವಿಕಾ ಅನ್ನುವ ಒಂದೇ ಕಾರ್ಡು. ಪಾಸ್‌ಪೋರ್ಟ್ ತೋರಿಸಿ ನಿಮ್ಮ ಹೆಸರಿಗೇ ಮಾಡಿಸಿಕೊಳ್ಳಿ, ದರ ಕಡಿಮೆ ಬೀಳುತ್ತದೆ.

ಗಾಡಿ ಹಳೆಯದಾದರೂ ಸೀಟಿನ ಮೇಲೆ ಒಂದು ಗೀಚು ಕಾಣುವುದಿಲ್ಲ. ಯಾರೂ ತಿನ್ನುವುದಿಲ್ಲ, ನೆಲದ ಮೇಲೆ ಕೂರುವುದಿಲ್ಲ. ವಯಸ್ಸಾದವರು ಹತ್ತಿದರೆ ಒಬ್ಬರಲ್ಲ, ಮೂರು ಜನ ಏಳುತ್ತಾರೆ. ಊರು ಅತ್ಯಂತ ಕೆಟ್ಟ ದಿನಗಳನ್ನು ನೋಡುತ್ತಿದ್ದಾಗ ಕಟ್ಟಿದ ಮೆಟ್ರೋ ಇದು. ಜನ ಇದನ್ನು ತಮ್ಮದೇ ಅಂದುಕೊಂಡು ಕಾಪಾಡಿದ್ದಾರೆ.

ಕೇಬಲ್ ಕಾರಿನದು ಇನ್ನೂ ದೊಡ್ಡ ಮಾತು. 2004ರಲ್ಲಿ ಅಸೆವೆದೊ ನಿಲ್ದಾಣದಿಂದ ಸಾಂತೊ ದೊಮಿಂಗೊ ಬೆಟ್ಟಕ್ಕೆ ತಂತಿ ಎಳೆದರು, ಪ್ರವಾಸಿಗರಿಗೆ ಅಲ್ಲ, ಅಲ್ಲಿ ವಾಸವಿದ್ದ ಬಡವರಿಗೆ. ಕಡಿದಾದ ಮೆಟ್ಟಿಲು ಇಳಿದು, ಬಸ್ಸಿಗೆ ಕಾದು ಕೆಲಸಕ್ಕೆ ಹೋಗುತ್ತಿದ್ದವರು ಈಗ ನಿಮಿಷಗಳಲ್ಲಿ ಕೆಳಗಿಳಿದು ಅದೇ ಟಿಕೆಟ್ಟಿನಲ್ಲಿ ಮೆಟ್ರೋ ಹಿಡಿಯುತ್ತಾರೆ. ಸಂಜೆ ಆ ಡಬ್ಬಿಯಲ್ಲಿ ಕೂತರೆ ಕಾಲಡಿಯಲ್ಲೇ ಊರು: ಗಾಳಿಗೆ ಹಾರದಂತೆ ಇಟ್ಟಿಗೆ ಪೇರಿಸಿದ ತಗಡಿನ ಸೂರು, ತಾರಸಿಯಲ್ಲಿ ಒಣಗುವ ಯೂನಿಫಾರ್ಮು, ಮೇಲೆ ನೋಡಿ ಬೊಗಳುವ ನಾಯಿ. ಎದುರು ಕೂತ ಹೆಂಗಸಿನ ಮಡಿಲಲ್ಲಿ ಬಟ್ಟೆಯ ಚೀಲ, ಅದರಿಂದ ಇಣುಕುವ ಈರುಳ್ಳಿ ಸೊಪ್ಪು. ಹತ್ತಿದವರು ಎಲ್ಲರಿಗೂ ಸೇರಿಸಿ ಬುವೆನಾಸ್ ಅನ್ನುತ್ತಾರೆ, ಇಳಿಯುವಾಗಲೂ ಅನ್ನುತ್ತಾರೆ. ಈ ಊರು ಅರ್ಥವಾಗಬೇಕಾದರೆ ಇಲ್ಲಿ ಒಂದು ಸಂಜೆ ಕೂರಬೇಕು. ಜನ ಕೆಲಸ ಮುಗಿಸಿ ಬರುವ ಹೊತ್ತು ಅದು, ಕ್ಯಾಮೆರಾವನ್ನು ಚೀಲದಲ್ಲೇ ಇಡಿ.

ಇನ್ನು ಕಾರು, ಬೈಕು ಇಟ್ಟುಕೊಂಡರೆ ನಂಬರ್ ಪ್ಲೇಟಿನ ಅಂಕಿ ನೋಡಿ ವಾರದಲ್ಲಿ ಒಂದು ದಿನ ಹೊರಗೆ ತೆಗೆಯಬಾರದೆಂಬ ನಿಯಮವೂ ಇದೆ.

ವಿಳಾಸ ಎಲ್ಲ ಬರೀ ಅಂಕಿ. ಹುಡುಕುವುದು ಹೇಗೆ?

ಕಲಿತರೆ ಬಹಳ ಸುಲಭ. ಕರೇರಾ 70, ನಂಬರ್ 44-20 ಅಂದರೆ: 70ನೇ ಕರೇರಾ ರಸ್ತೆ, 44ನೇ ಕಾಯೆ ಅದನ್ನು ದಾಟುವ ಮೂಲೆಯಿಂದ ಸುಮಾರು 20 ಮೀಟರ್ ದೂರದ ಮನೆ. ಕಾಯೆ ಅಡ್ಡ, ಕರೇರಾ ಉದ್ದ. ಲೌರೆಲೆಸ್ ಬಡಾವಣೆಯಲ್ಲಿ ಮಾತ್ರ ರಸ್ತೆಗಳು ವೃತ್ತಾಕಾರ. ಅಲ್ಲಿ ಹಳಬರೂ ಮ್ಯಾಪ್ ನೋಡುತ್ತಾರೆ.

ಮಧ್ಯಾಹ್ನ ಊಟಕ್ಕೆ ಏನು? ಸಸ್ಯಾಹಾರಿಗಳು ಬದುಕಬಹುದಾ?

ಬದುಕಬಹುದು, ಬಾಯಿಬಿಟ್ಟು ಕೇಳಬೇಕು ಅಷ್ಟೇ.

ಮಧ್ಯಾಹ್ನದ ಊಟ ಇಲ್ಲಿ ದಿನದ ದೊಡ್ಡ ಊಟ. ಸಣ್ಣ ಹೋಟೆಲುಗಳಲ್ಲಿ ಮೆನು ದೆಲ್ ದಿಯಾ ಅಂತ ಸಿಗುತ್ತದೆ: ಮೊದಲು ಒಂದು ಬಟ್ಟಲು ಸೂಪು, ಆಮೇಲೆ ಅನ್ನ, ಬೀನ್ಸು ಅಥವಾ ಬೇಳೆ, ಮಾಂಸ, ಸಲಾಡು, ಬಾಳೆಕಾಯಿ ಜಜ್ಜಿ ಕರಿದ ಪತಕೋನ್, ಜೊತೆಗೆ ಹಣ್ಣಿನ ರಸ. ಬೆಲೆ 15,000 ಪೆಸೊ ಆಸುಪಾಸಿನಿಂದ ಶುರು. ಈ ಸೀಮೆಯ ಹೆಸರುವಾಸಿ ಬಂದೇಹಾ ಪೈಸಾದಲ್ಲಿ ಕೆಂಪು ಬೀನ್ಸು, ಅನ್ನ, ಹಂದಿ ಮಾಂಸ, ಕೊಚ್ಚಿದ ಮಾಂಸ, ಮೊಟ್ಟೆ, ಬಾಳೆಹಣ್ಣಿನ ಹೋಳು, ಬೆಣ್ಣೆಹಣ್ಣು ಎಲ್ಲ ಒಂದೇ ತಟ್ಟೆಯಲ್ಲಿ. ಅದನ್ನು ತಿಂದು ಮಧ್ಯಾಹ್ನ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಮಾಂಸ ಬೇಡ ಅಂದರೆ ಕೋಳಿ ತಂದಿಡುವುದುಂಟು. ಅಗೌರವದಿಂದಲ್ಲ, ಅವರ ಲೆಕ್ಕದಲ್ಲಿ ಕಾರ್ನೆ ಅಂದರೆ ದನ, ಹಂದಿಯ ಮಾಂಸ. ಕೋಳಿ, ಮೀನು, ಹಂದಿ ಯಾವುದೂ ಬೇಡ ಅಂತ ಬಿಡಿಸಿ ಹೇಳಿ. ಬೀನ್ಸಿಗೆ ಹಂದಿಯ ತುಂಡು ಹಾಕಿ ಬೇಯಿಸುವುದು ಸಾಮಾನ್ಯ, ಅದನ್ನು ಪ್ರತ್ಯೇಕ ಕೇಳಬೇಕು. ಸೂಪಿನ ನೀರೂ ಹಾಗೆಯೇ. ಒಂದೇ ಹೋಟೆಲಿಗೆ ಹೋಗುತ್ತಿದ್ದರೆ ಅಡುಗೆಯವರೇ ನಿಮಗೆಂದು ಎರಡು ಮೊಟ್ಟೆ, ಜಾಸ್ತಿ ಪತಕೋನ್ ಎತ್ತಿಡುತ್ತಾರೆ.

ಹಣ್ಣಿನ ವಿಷಯದಲ್ಲಿ ಇಷ್ಟು ಸಿರಿವಂತ ದೇಶ ನಾನು ಬೇರೆ ನೋಡಿಲ್ಲ. ಲುಲೊ, ಗ್ರಾನದೀಯಾ, ಗ್ವಾನಾಬಾನಾ, ಮರಟೊಮೆಟೊ, ಸೀಬೆ, ಪ್ಯಾಶನ್ ಫ್ರೂಟು. ರಸ ಕೇಳಿದರೆ ನೀರಿನಲ್ಲೋ ಹಾಲಿನಲ್ಲೋ ಅಂತ ಕೇಳುತ್ತಾರೆ. ಲುಲೊ ನೀರಿನಲ್ಲಿ, ಗ್ವಾನಾಬಾನಾ ಹಾಲಿನಲ್ಲಿ ಚೆನ್ನ. ಬೀದಿಯ ತಿರುವಿನಲ್ಲಿ ಗಾಡಿಯವರು ಹುಳಿ ಮಾವಿನಕಾಯಿಯನ್ನು ನೂಲಿನಂತೆ ಹೆರೆದು, ಪ್ಲಾಸ್ಟಿಕ್ ಲೋಟಕ್ಕೆ ತುಂಬಿ, ನಿಂಬೆ ಹಿಂಡಿ ಉಪ್ಪು ಉದುರಿಸಿ ಕೊಡುತ್ತಾರೆ. ಖಾರದ ಪುಡಿ ಒಂದಿದ್ದರೆ ನಮ್ಮೂರ ಶಾಲೆಯ ಗೇಟು.

ಸಾರು, ಹುಳಿ ಮಾಡುವುದಕ್ಕೆ ಸಾಮಾನು ಸಿಗುತ್ತಾ?

ಬಹಳಷ್ಟು ಸಿಗುತ್ತದೆ. ಜೀರಿಗೆ, ಕೊತ್ತಂಬರಿ ಸೊಪ್ಪು, ಅರಿಸಿನ, ತೆಂಗಿನಕಾಯಿ, ಮರಗೆಣಸು, ಬಾಳೆಕಾಯಿ ಎಲ್ಲ ಇದೆ. ಪಕ್ಕದ ಸಾಂತಾ ಫೆ ದೆ ಆಂತಿಯೋಕಿಯಾ ಊರು ಹುಣಸೆಹಣ್ಣಿಗೇ ಪ್ರಸಿದ್ಧ. ಕೆರಿಬಿಯನ್ ಕರಾವಳಿಯವರು ತೊಗರಿ ಕಾಳನ್ನು ಗ್ವಾಂದುಲ್ ಅಂತ ಬೆಳೆದು ತಿನ್ನುತ್ತಾರೆ, ಮಿನೋರಿಸ್ತಾ ಮಾರುಕಟ್ಟೆಯಲ್ಲಿ ಕೇಳಿ ನೋಡಿ. ಬೇಳೆ ಮಾಡಿರುವುದಿಲ್ಲ, ಇಡೀ ಕಾಳು, ನೆನೆಸಿ ಬೇಯಿಸಿದರೆ ಸೊಗಸಾದ ಹುಳಿಯಾಗುತ್ತದೆ. ಕುಕ್ಕರ್ ಪ್ರತಿ ಮನೆಯಲ್ಲೂ ಇದೆ, ಬೀನ್ಸಿಗೆ ಬೇಕೇ ಬೇಕು. ಬೆಳಗ್ಗೆ ಹತ್ತಕ್ಕೆ ಕಟ್ಟಡದ ನಾಲ್ಕೂ ಕಡೆಯಿಂದ ಸೀಟಿ ಕೇಳಿಸುತ್ತದೆ.

ಕಷ್ಟವಾಗುವುದು ಕರಿಬೇವು, ಉದ್ದಿನ ಬೇಳೆ, ಇಂಗು. ಒಣಗಿಸಿದ ಕರಿಬೇವು, ಸಾರಿನ ಪುಡಿ ಊರಿಂದ ತರುವುದೇ ದಾರಿ. ನಲ್ಲಿ ನೀರು ಹಾಗೇ ಕುಡಿಯಬಹುದು.

ಸ್ಪ್ಯಾನಿಷ್ ಬರಲೇಬೇಕಾ?

ಬೇಕು. ಪ್ರವಾಸಿಗರ ಓಣಿ ಬಿಟ್ಟರೆ ಇಂಗ್ಲಿಷ್ ನಡೆಯುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಗ್ಯಾಸ್ ರಿಪೇರಿ ಎಲ್ಲ ಸ್ಪ್ಯಾನಿಷ್‌ನಲ್ಲೇ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೆ ತರಗತಿಗಳಿವೆ. ಸ್ನೇಹಿತರ ನಡುವೆ ‘ನೀನು’ ಅನ್ನಲು ವೋಸ್ ಅನ್ನುತ್ತಾರೆ. ‘ನೀವು’ ಅನ್ನುವ ಉಸ್ತೆದ್ ಎಲ್ಲಿಯೂ ನಡೆಯುತ್ತದೆ, ಅದನ್ನೇ ಬಳಸಿ.

ವ್ಯಾಕರಣಕ್ಕಿಂತ ಮೊದಲು ನಮಸ್ಕಾರ ಕಲಿಯಿರಿ. ಅಂಗಡಿಗೆ ಹೋದರೂ, ಲಿಫ್ಟ್ ಹತ್ತಿದರೂ, ಗೇಟಿನ ಕಾವಲುಗಾರರನ್ನು ಕಂಡರೂ ಮೊದಲು ಬುವೆನೋಸ್ ದಿಯಾಸ್. ನೇರವಾಗಿ ಹೋಗಿ ಹಾಲು ಎಷ್ಟು ಅಂತ ಕೇಳಿದರೆ ಒರಟು ಅನ್ನಿಸುತ್ತದೆ. ಬೀದಿ ಮೂಲೆಯ ಅಂಗಡಿ, ತಿಯೆಂದಾ ಅಂತಾರೆ, ಇಡೀ ಓಣಿಯ ಕೇಂದ್ರ. ಒಂದೇ ಮೊಟ್ಟೆ, ಒಂದೇ ಈರುಳ್ಳಿಯನ್ನೂ ಕೊಡುತ್ತಾರೆ. ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಓಡದೆ ಅಲ್ಲೇ ವ್ಯಾಪಾರ ಮಾಡಿ. ಓಣಿಯವರಿಗೆ ನಿಮ್ಮ ಗುರುತಾಗುವುದು ಅಲ್ಲೇ.

ಮನೆ ಬಾಡಿಗೆಗೆ ಹೇಗೆ? ಎಸ್ತ್ರಾತೊ ಅಂದರೇನು?

ಇಡೀ ದೇಶದ ಬಡಾವಣೆಗಳನ್ನು 1ರಿಂದ 6ರವರೆಗೆ ದರ್ಜೆ ಮಾಡಿದ್ದಾರೆ, ಅದೇ ಎಸ್ತ್ರಾತೊ. 1994ರ ಕಾನೂನಿನ ಪ್ರಕಾರ 5, 6ನೇ ದರ್ಜೆಯವರು ನೀರು, ಕರೆಂಟಿಗೆ ಜಾಸ್ತಿ ಕಟ್ಟುತ್ತಾರೆ, ಆ ದುಡ್ಡು 1, 2, 3ರವರ ಬಿಲ್ಲು ಇಳಿಸಲು ಹೋಗುತ್ತದೆ. 4ನೇಯವರು ಅಸಲು ಕಟ್ಟುತ್ತಾರೆ. ಉದ್ದೇಶ ಒಳ್ಳೆಯದು, ನಾನು ಮೆಚ್ಚುತ್ತೇನೆ. ಆದರೆ ಜನರನ್ನು ಗುರುತಿಸುವುದಕ್ಕೂ ಈ ಅಂಕಿ ಬಳಕೆಯಾಗುತ್ತದೆ. ಅವನು ಎಸ್ತ್ರಾತೊ ಎರಡರವನು ಅನ್ನುವ ಮಾತು ಕೇಳಿದಾಗ, ಜಾತಿ ಕೇಳಿ ಮನೆ ಕೊಡುವ ನಾಡಿನಿಂದ ಬಂದ ನನಗೆ ಸಂಕಟವಾಗುತ್ತದೆ.

ಬಾಡಿಗೆಗೆ 2003ರ 820ನೇ ಕಾನೂನು ಇದೆ. ವಾಸದ ಮನೆಗೆ ಅಡ್ವಾನ್ಸ್ ಕೇಳುವಂತಿಲ್ಲ. ಬೆಂಗಳೂರಿನವರಿಗೆ ನಂಬುವುದು ಕಷ್ಟ, ನಿಜ. ಬಾಡಿಗೆಯನ್ನು ವರ್ಷಕ್ಕೊಮ್ಮೆ, ಹಿಂದಿನ ವರ್ಷದ ಬೆಲೆಯೇರಿಕೆಯಷ್ಟೇ ಹೆಚ್ಚಿಸಬಹುದು. ಅಡ್ವಾನ್ಸ್ ಬದಲು ಆಸ್ತಿ ಇರುವ ಜಾಮೀನುದಾರರನ್ನು ಅಥವಾ ಬಾಡಿಗೆ ವಿಮೆ ಕೇಳುತ್ತಾರೆ. ಹೊಸಬರಿಗೆ ಕಷ್ಟವಾಗುವುದು ಅಲ್ಲೇ, ಕಂಪನಿಯವರು ಜಾಮೀನು ನಿಂತರೆ ಅನುಕೂಲ.

ಒಂದು ಮನವಿ. ಡಾಲರ್ ಸಂಬಳದವರು ಬಂದು ಕೇಳಿದಷ್ಟು ಕೊಟ್ಟಿದ್ದರಿಂದ ಲೌರೆಲೆಸ್, ಎಲ್ ಪೊಬ್ಲಾದೊದಲ್ಲಿ ಹುಟ್ಟಿ ಬೆಳೆದವರೇ ಬಾಡಿಗೆ ಕಟ್ಟಲಾಗದೆ ದೂರ ಹೋಗುತ್ತಿದ್ದಾರೆ. ದಿನದ ಲೆಕ್ಕದ ಪ್ರವಾಸಿ ಫ್ಲ್ಯಾಟ್ ಬಿಟ್ಟು, ಬೆಲೆನ್, ಎನ್ವಿಗಾದೊ ಥರದ ಕಡೆ ಸ್ಥಳೀಯ ಕರಾರಿನಲ್ಲೇ ಮನೆ ಮಾಡಿ.

ದುಡ್ಡಿನ ಲೆಕ್ಕ?

ಒಂದು ರೂಪಾಯಿಗೆ 40ರಿಂದ 50 ಪೆಸೊ, ದಿನದಿನಕ್ಕೆ ಬದಲಾಗುತ್ತದೆ. ನೋಟು 2,000ದಿಂದ 1,00,000ದವರೆಗೆ ಇದೆ. ಮಾತಿನಲ್ಲಿ ಎಷ್ಟೋ ಸಲ ಸಾವಿರ ಬಿಟ್ಟು ಬರೀ ಇಪ್ಪತ್ತು ಅನ್ನುತ್ತಾರೆ. ಮೊಬೈಲ್‌ನಲ್ಲಿ ನೆಕಿ ಅನ್ನುವ ದುಡ್ಡು ಕಳಿಸುವ ಆ್ಯಪ್ ಎಲ್ಲ ಕಡೆ ನಡೆಯುತ್ತದೆ, ಅದಕ್ಕೆ ಇಲ್ಲಿನ ಗುರುತಿನ ಚೀಟಿ ಬೇಕು.

ಅಲ್ಲಿ ಭಯ ಆಗಲ್ವಾ? ಪಾಬ್ಲೊ ಎಸ್ಕೊಬಾರ್ ಊರಲ್ವಾ ಅದು?

ಈ ಪ್ರಶ್ನೆ ಕೇಳದೆ ಯಾರೂ ಬಿಟ್ಟಿಲ್ಲ. ಎಸ್ಕೊಬಾರ್ ಅಂದರೆ ಈ ಊರಿನಿಂದ ಕೊಕೇನ್ ದಂಧೆ ನಡೆಸಿದವನು. 1991ರಲ್ಲಿ ಈ ಊರಿನ ಕೊಲೆಗಳ ಪ್ರಮಾಣ ಲಕ್ಷಕ್ಕೆ 380ರ ಆಸುಪಾಸು, ಆಗ ಜಗತ್ತಿನಲ್ಲೇ ಅತಿ ಹೆಚ್ಚು. ಇವತ್ತು ಅದು ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಇಳಿದಿದೆ.

ಆ ವರ್ಷಗಳಲ್ಲಿ ಮಕ್ಕಳನ್ನು ಕಳೆದುಕೊಂಡವರು ನನ್ನ ಓಣಿಯಲ್ಲೇ ಇದ್ದಾರೆ. ಅವರ ಎದುರು ಎಸ್ಕೊಬಾರ್ ಚಿತ್ರದ ಟೀ ಶರ್ಟ್ ಹಾಕಿಕೊಂಡು ಓಡಾಡುವುದು ಅವರ ಗಾಯಕ್ಕೆ ಉಪ್ಪು ಸುರಿದಂತೆ. ದಯವಿಟ್ಟು ಬೇಡ. ಅವನಿದ್ದ ಮೊನಾಕೊ ಕಟ್ಟಡವನ್ನು 2019ರ ಫೆಬ್ರವರಿಯಲ್ಲಿ ಕೆಡವಿ, ಸತ್ತವರ ನೆನಪಿಗೆ ಅಲ್ಲೊಂದು ಉದ್ಯಾನ ಮಾಡಿದ್ದಾರೆ. ಆ ಕಾಲದ ಬಗ್ಗೆ ನಿಜವಾಗಿ ತಿಳಿಯಬೇಕಾದರೆ ಕಾಸಾ ದೆ ಲಾ ಮೆಮೋರಿಯಾ ಮ್ಯೂಸಿಯಂಗೆ ಹೋಗಿ. ಕೊಂದವರ ಕತೆ ಬಿಟ್ಟು ಸತ್ತವರ ಕತೆ ಹೇಳುತ್ತದೆ. 13ನೇ ಕೊಮುನಾ, ಅಂದರೆ ನಗರದ 13ನೇ ವಾರ್ಡಿನ ಬಣ್ಣದ ಗೋಡೆ, 2011ರಲ್ಲಿ ಹಾಕಿದ ಎಸ್ಕಲೇಟರ್ ನೋಡಲು ದಿನವೂ ಜನಸಾಗರ. ಅಲ್ಲೇ 2002ರ ಅಕ್ಟೋಬರ್‌ನಲ್ಲಿ ಸೈನ್ಯದ ಕಾರ್ಯಾಚರಣೆ ನಡೆದು ಎಷ್ಟೋ ಜನ ಕಾಣೆಯಾದರು. ಅವರ ತಾಯಂದಿರು ಇವತ್ತಿಗೂ ಹುಡುಕುತ್ತಿದ್ದಾರೆ.

ದಿನದ ಮಟ್ಟಿಗೆ ಜಾಗ್ರತೆ ಇಷ್ಟು: ಬೀದಿಯಲ್ಲಿ ನಡೆಯುತ್ತಾ ಫೋನ್ ಹಿಡಿಯಬೇಡಿ. ಅಂಗಡಿಯೊಳಗೆ ಹೋಗಿ ನೋಡಿ. ಕತ್ತಲಾದ ಮೇಲೆ ನಗರದ ಹಳೇ ಕೇಂದ್ರದಲ್ಲಿ ಒಬ್ಬರೇ ಅಲೆಯಬೇಡಿ. ಅಪರಿಚಿತರು ಕೊಟ್ಟ ಪಾನೀಯ ಮುಟ್ಟಬೇಡಿ. ಸ್ಕೊಪೊಲಮಿನ್ ಅನ್ನುವ ಔಷಧಿ ಬೆರೆಸಿ, ಎಚ್ಚರ ತಪ್ಪಿಸಿ ದೋಚುವ ಹಾವಳಿ ನಿಜ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರನ್ನು ಮನೆಗೆ ಕರೆಯಬೇಡಿ. 2024ರ ಜನವರಿಯಲ್ಲಿ ಅಮೆರಿಕದ ರಾಯಭಾರ ಕಚೇರಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ತುರ್ತಿಗೆ 123.

ರಜೆಗಳು? ಭಾನುವಾರ?

ವರ್ಷಕ್ಕೆ 18 ಸರ್ಕಾರಿ ರಜೆ. 1983ರ ಕಾನೂನಿನಿಂದ ಹಲವು ರಜೆಗಳು ಸೋಮವಾರಕ್ಕೆ ಸರಿಯುತ್ತವೆ, ಮೂರು ದಿನ ಒಟ್ಟಿಗೆ ಸಿಗುತ್ತದೆ. ಕೆಲಸದ ವಾರವನ್ನು 48 ಗಂಟೆಯಿಂದ 42ಕ್ಕೆ ಹಂತ ಹಂತವಾಗಿ ಇಳಿಸಲು 2021ರಲ್ಲಿ ಕಾನೂನು ಮಾಡಿದರು.

ಭಾನುವಾರ ಬೆಳಗ್ಗೆ ದೊಡ್ಡ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಸೈಕಲ್ಲಿಗೆ, ನಡೆಯುವವರಿಗೆ ಬಿಡುತ್ತಾರೆ. ಅಜ್ಜಿ, ಮೊಮ್ಮಕ್ಕಳು, ನಾಯಿ ಎಲ್ಲ ರಸ್ತೆಯಲ್ಲೇ. ಮಧ್ಯಾಹ್ನದ ಹೊತ್ತಿಗೆ ಮೆಗಾಫೋನ್ ಕಟ್ಟಿದ ಗಾಡಿಯಲ್ಲಿ ಮಸಮೋರ್ರಾ ಮಾರುವವರು ಬರುತ್ತಾರೆ: ಬೇಯಿಸಿದ ಮುಸುಕಿನ ಜೋಳ. ಹಾಲು, ಬೆಲ್ಲ ಸೇರಿಸಿ ತಿನ್ನಬೇಕು. ಪಾತ್ರೆ ನೀವೇ ತೆಗೆದುಕೊಂಡು ಹೋಗಿ. ಸಂಜೆ ಫುಟ್ಬಾಲ್. ಅರ್ಧ ಊರು ಹಸಿರು ಅಂಗಿಯ ನಾಸಿಯೊನಾಲ್, ಇನ್ನರ್ಧ ಕೆಂಪಿನ ಮೆಡೆಯಿನ್ ತಂಡ.

ಕಾಯಿಲೆ ಬಿದ್ದರೆ?

ಇಪಿಎಸ್ ಅನ್ನುವ ಸಂಸ್ಥೆಗಳ ಮೂಲಕ ಕಡ್ಡಾಯ ಆರೋಗ್ಯ ವಿಮೆ ಇದೆ. ನೌಕರರ ಸಂಬಳದಿಂದ ಶೇ 4 ಕಡಿಯುತ್ತಾರೆ. ಸಾಮಾನ್ಯ ವೈದ್ಯರು ಬೇಗ ಸಿಗುತ್ತಾರೆ, ತಜ್ಞರಿಗೆ ವಾರಗಟ್ಟಲೆ ಕಾಯಬೇಕು. ಅದಕ್ಕೆ ಅನುಕೂಲ ಇದ್ದವರು ಖಾಸಗಿ ವಿಮೆಯನ್ನೂ ಮಾಡಿಸುತ್ತಾರೆ.

ಕನ್ನಡದವರು ಇದ್ದಾರಾ? ಹಬ್ಬ ಹೇಗೆ?

ಭಾರತೀಯರೇ ಕಡಿಮೆ, ನಮ್ಮ ರಾಯಭಾರ ಕಚೇರಿ ಇರುವುದು ಬೊಗೊಟಾದಲ್ಲಿ. ದೀಪಾವಳಿಗೆ ಮನೆಯಲ್ಲೇ ದೀಪ ಹಚ್ಚುತ್ತೇನೆ. ಡಿಸೆಂಬರ್ 7ರ ರಾತ್ರಿ ಇಲ್ಲಿನವರ ಸರದಿ: ಕನ್ಯೆ ಮೇರಿಯ ಹಬ್ಬದ ಮುನ್ನಾದಿನ ಪ್ರತಿ ಮನೆಯ ಮುಂದೆ ಸಾಲು ಮೇಣದಬತ್ತಿ. ಹೊರಗೆ ಬಂದು ನಿಂತರೆ ಪಕ್ಕದವರೇ ಒಂದು ಬತ್ತಿ ಕೈಗೆ ಕೊಟ್ಟು ಹಚ್ಚಿ ಅನ್ನುತ್ತಾರೆ. ಆಗಸ್ಟ್‌ನಲ್ಲಿ ಹೂವಿನ ಜಾತ್ರೆ. ಸಾಂತಾ ಎಲೆನಾದ ರೈತರು ಮರದ ಚೌಕಟ್ಟಿಗೆ ಹೂ ಜೋಡಿಸಿ ಬೆನ್ನ ಮೇಲೆ ಹೊತ್ತು ಮೆರವಣಿಗೆ ಬರುತ್ತಾರೆ. 1957ರಿಂದ ನಡೆಯುತ್ತಿದೆ.

ವೀಸಾ?

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಅಮೆರಿಕ ಅಥವಾ ಶೆಂಗೆನ್ ವೀಸಾ ಕನಿಷ್ಠ 180 ದಿನ ಬಾಕಿ ಇದ್ದರೆ ಪ್ರವಾಸಕ್ಕೆ ಹಾಗೇ ಬರಬಹುದು. ವೀಸಾಗಳಲ್ಲಿ ವಿ (ಭೇಟಿ), ಎಂ (ವಲಸೆ), ಆರ್ (ಕಾಯಂ ವಾಸ) ಅಂತ ಮೂರು ವರ್ಗ. ಮೂರು ತಿಂಗಳಿಗಿಂತ ಜಾಸ್ತಿಯ ವೀಸಾ ಇದ್ದರೆ 15 ದಿನದೊಳಗೆ ವಲಸೆ ಕಚೇರಿಯಲ್ಲಿ ನೋಂದಾಯಿಸಿ ವಿದೇಶಿಯರ ಗುರುತಿನ ಚೀಟಿ ಮಾಡಿಸಬೇಕು. ಬ್ಯಾಂಕು, ಫೋನು, ವಿಮೆ ಎಲ್ಲಕ್ಕೂ ಅದೇ ಆಧಾರ. ಅಂತರ್ಜಾಲದಲ್ಲಿ ಹೊಗಳುವ ಡಿಜಿಟಲ್ ನೊಮ್ಯಾಡ್ ವೀಸಾ ಇರುವುದು ವೀಸಾ ಇಲ್ಲದೆ ಬರಬಹುದಾದ ದೇಶದವರಿಗೆ, ಅದನ್ನು ನಂಬಿ ಟಿಕೆಟ್ ತೆಗೆಯಬೇಡಿ.

ಊರಿಗೆ ಹೋಗಿ ಬರುವಾಗ ಏನು ನೋಡಿಕೊಳ್ಳಬೇಕು?

ನೇರ ವಿಮಾನ ಇಲ್ಲ. ಹೆಚ್ಚಾಗಿ ಯೂರೋಪ್ ಅಥವಾ ಅಮೆರಿಕದ ಮೂಲಕ ಹೋಗುತ್ತಾರೆ, ಅಲ್ಲಿ ಟ್ರಾನ್ಸಿಟ್ ವೀಸಾ ಬೇಕಾ ಅಂತ ಮೊದಲೇ ವಿಚಾರಿಸಿ. ವಿಮಾನ ನಿಲ್ದಾಣ ಬೆಟ್ಟದಾಚೆ ರಿಯೊನೆಗ್ರೊದಲ್ಲಿದೆ. 2019ರಲ್ಲಿ ತೆರೆದ 8 ಕಿಲೋಮೀಟರ್ ಸುರಂಗದಿಂದ ದಾರಿ ಹತ್ತಿರವಾಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಕೊಲಂಬಿಯಾ ಆ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಲಸಿಕೆಯ ಹಳದಿ ಕಾರ್ಡು ಇಲ್ಲದೆ ಭಾರತಕ್ಕೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು, ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ.